ಕೈರೋದಲ್ಲೇ ನಿಂತು ಗ್ರಹಣ ನೋಡಿದರೆ ಸಾಲದಾ?

ಓದುಗರ ಪ್ರಶ್ನೆ: 2027ರ ಆಗಸ್ಟ್ 2ರ ಸೂರ್ಯಗ್ರಹಣದ ಹೊತ್ತಿಗೆ ನಾವು ಮನೆಮಂದಿಯೆಲ್ಲ ಈಜಿಪ್ಟ್ ಪ್ರವಾಸ ಹೊರಟಿದ್ದೇವೆ. ಕೈರೋದಲ್ಲೇ ಸೂರ್ಯ ನೂರಕ್ಕೆ ತೊಂಬತ್ತು ಭಾಗಕ್ಕಿಂತ ಜಾಸ್ತಿ ಮರೆಯಾಗುತ್ತಾನಂತೆ. ಸೂರ್ಯ ಪೂರ್ತಿ ಮರೆಯಾಗುವ ಖಗ್ರಾಸವೇ ಬೇಕು ಅಂತ ದಕ್ಷಿಣ ಈಜಿಪ್ಟಿನ ಲಕ್ಸರ್‌ವರೆಗೂ ಹೋಗಬೇಕಾ? (ಚಿತ್ರದುರ್ಗದ ಓದುಗರೊಬ್ಬರು)

ಉತ್ತರ: ಹೋಗಲೇಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

2019ರ ಡಿಸೆಂಬರ್ 26ರ ಬೆಳಿಗ್ಗೆ ನೆನಪಿದೆಯಾ? ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣ. ನಮ್ಮ ದಾವಣಗೆರೆ, ಚಿತ್ರದುರ್ಗದಲ್ಲೂ ಸೂರ್ಯ ನೂರಕ್ಕೆ ಎಂಬತ್ತು ಭಾಗಕ್ಕಿಂತ ಜಾಸ್ತಿ ಮರೆಯಾಗಿದ್ದ. ಆದರೂ ನಮ್ಮ ಮನೆಯಲ್ಲಿ ಯಾರೂ ಲೈಟ್ ಹಾಕಲಿಲ್ಲ. ಬಿಸಿಲು ಸ್ವಲ್ಪ ಮಂಕಾಯಿತು. ಹೊಂಗೆ ಮರದ ಕೆಳಗೆ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ನೋಡೋಕೆ ಚೆಂದವೇ, ಆದರೆ ಅದು ಹಗಲು.

ಯಾಕೆ ಹೀಗೆ? ಖಗ್ರಾಸದಲ್ಲಿ ಮಾತ್ರ ಕಾಣುವ ಸೂರ್ಯನ ಪ್ರಭಾವಲಯಕ್ಕೆ (ಸೂರ್ಯನ ಸುತ್ತಲಿನ ಹೊರಪದರ, ಕೊರೋನಾ) ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಬೆಳಕಿದೆ. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನಿಗಿಂತ ಸುಮಾರು 4 ಲಕ್ಷ ಪಟ್ಟು ಜಾಸ್ತಿ. ಅಂದರೆ ಸೂರ್ಯನ ನೂರರಲ್ಲಿ ಒಂದೇ ಒಂದು ಪಾಲು ಹೊರಗೆ ಉಳಿದರೂ ಸಾಕು, ಪ್ರಭಾವಲಯಕ್ಕಿಂತ ಸಾವಿರಾರು ಪಟ್ಟು ಬೆಳಕು ಕಣ್ಣಿಗೆ ಹೊಡೆಯುತ್ತದೆ. ಕೈರೋದಲ್ಲಿ ಅಂಥ ಆರೇಳು ಪಾಲು ಉಳಿದಿರುತ್ತದೆ. ಅಲ್ಲಿ ಕತ್ತಲಾಗುವುದಿಲ್ಲ, ಕನ್ನಡಕವನ್ನು ಒಂದು ಕ್ಷಣವೂ ತೆಗೆಯುವ ಹಾಗಿಲ್ಲ.

1980ರ ಫೆಬ್ರವರಿ 16ರ ಮಧ್ಯಾಹ್ನ ಖಗ್ರಾಸದ ನೆರಳು ಅಂಕೋಲಾ, ಹುಬ್ಬಳ್ಳಿ, ಗದಗದ ಮೇಲೆ ಹಾದುಹೋಯಿತು. ದಾವಣಗೆರೆ ಅದರ ದಕ್ಷಿಣಕ್ಕೆ ಉಳಿಯಿತು. ಬಸ್ ಹತ್ತಿದ್ದರೆ ಅರ್ಧ ದಿನದಲ್ಲಿ ಹುಬ್ಬಳ್ಳಿ. ಅಮ್ಮ ಮಾತ್ರ ಎಲ್ಲರ ಹಾಗೆ ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರು. ಆವತ್ತು ಹೋಗಬೇಕಿತ್ತು ಅಂತ ಅವರಿಗೆ ಅನ್ನಿಸಿದ್ದು 29 ವರ್ಷ ಆದಮೇಲೆ, ಕಾಶಿಯಲ್ಲಿ.

2009ರ ಜುಲೈ 22. ಯಾತ್ರೆಗೆ ಹೋದವರು ಗ್ರಹಣಕ್ಕೆಂದೇ ಉಳಿದುಕೊಂಡಿದ್ದೆವು. ಘಾಟ್ ತುಂಬ ಗ್ರಹಣ ಸ್ನಾನದ ಜನ. ಸೂರ್ಯ ಗಂಗೆಯ ಆಚೆ ದಡದ ಮೇಲೆ. ಬೆಳಿಗ್ಗೆ ಆರೂ ಇಪ್ಪತ್ತರ ಮೇಲೆ ಉಳಿದಿದ್ದ ಒಂದು ಎಳೆ ಬೆಳಕು ವಜ್ರದುಂಗುರದ ಹಾಗೆ ಹೊಳೆದು ಆರಿತು. ಆಕಾಶದಲ್ಲಿ ಕಪ್ಪು ಬಿಲ್ಲೆ, ಅದರ ಸುತ್ತ ಬೆಳ್ಳಿ ನಾರಿನ ಹಾಗೆ ಪ್ರಭಾವಲಯ. ನದಿ ಕಪ್ಪಾಯಿತು. ಶುಕ್ರ ಕಂಡಿತು. ಜನ ಜೋರಾಗಿ ಕೂಗಿದರು, ಆಮೇಲೆ ಸುಮ್ಮನಾದರು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಆ ಮೂರು ನಿಮಿಷ ನನಗೆ ಇವತ್ತಿಗೂ ಸಾಲದು.

ಲಕ್ಸರ್‌ನಲ್ಲಿ ನಿಮಗೆ ಆರು ನಿಮಿಷಕ್ಕೂ ಜಾಸ್ತಿ ಸಿಗುತ್ತದೆ. ಕಾಶಿಯ ಎರಡರಷ್ಟು! ಅಲ್ಲಿ ಆಗಸ್ಟ್‌ನಲ್ಲಿ ಮೋಡದ ಭಯ ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಕಡೆ ಅವತ್ತು ಸಂಜೆ ಸ್ವಲ್ಪ ಭಾಗ ಮಾತ್ರ ಗ್ರಹಣ, ಅದೂ ಮಳೆಗಾಲದ ಮೋಡ ಬಿಟ್ಟುಕೊಟ್ಟರೆ.

ಆದರೆ ಬಿಸಿಲಿಗೆ ತಯಾರಾಗಿ. ಖಗ್ರಾಸ ಆಗುವುದು ಮಧ್ಯಾಹ್ನ ಸುಮಾರು 1 ಗಂಟೆಗೆ, ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲಿರುವಾಗ. 40 ಡಿಗ್ರಿ ದಾಟುವ ಬಿಸಿಲು. ಪೂರ್ತಿ ಗ್ರಹಣ ಎರಡೂವರೆ ತಾಸಿಗೂ ಜಾಸ್ತಿ. ಕತ್ತೆತ್ತಿ ನಿಂತು ನೋಡೋಕೆ ಆಗಲ್ಲ, ಚಾಪೆ ಒಯ್ಯಿರಿ. ನೆರಳಿರುವ ಜಾಗ ಹುಡುಕಿ, ವಯಸ್ಸಾದವರನ್ನು ಖಗ್ರಾಸಕ್ಕೆ ಹತ್ತು ನಿಮಿಷ ಇರುವಾಗ ಹೊರಗೆ ಕರೆದರೆ ಸಾಕು.

ಗ್ರಹಣದ ಕನ್ನಡಕದ ಮೇಲೆ ಐಎಸ್‌ಒ 12312-2 ಅಂತ ಇರಬೇಕು. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು ಬೇಡವೇ ಬೇಡ. ವಜ್ರದುಂಗುರ ಪೂರ್ತಿ ಆರಿದ ಮೇಲೆ ಕನ್ನಡಕ ತೆಗೆಯಿರಿ. ಖಗ್ರಾಸ ಇರುವಷ್ಟು ಹೊತ್ತು ಬರಿಗಣ್ಣಲ್ಲಿ ನೋಡಬಹುದು, ನೋಡಲೇಬೇಕು. ಇನ್ನೊಂದು ಅಂಚಲ್ಲಿ ಬೆಳಕಿನ ಚುಕ್ಕಿ ಕಂಡ ಕೂಡಲೇ ಮತ್ತೆ ಹಾಕಿಕೊಳ್ಳಿ. ಮೊದಲ ಸಲ ನೋಡುವವರು ಫೋಟೋ ಗೊಡವೆಗೆ ಹೋಗಬೇಡಿ. ಆ ಆರು ನಿಮಿಷ ಮೊಬೈಲ್ ಜೇಬಲ್ಲೇ ಇರಲಿ.

ಈಜಿಪ್ಟ್ ಖರ್ಚು ಎಲ್ಲರಿಗೂ ಆಗುವಂಥದ್ದಲ್ಲ, ಅಲ್ವಾ? ಅಂಥವರು 2034ರ ಮಾರ್ಚ್ 20 ಬರೆದಿಟ್ಟುಕೊಳ್ಳಿ. ಅವತ್ತು ಖಗ್ರಾಸದ ನೆರಳು ನಮ್ಮ ದೇಶದ ಲಡಾಖ್ ಮೇಲೇ ಹಾಯುತ್ತದೆ.