‘ನೋವಾ’: ಹಳೆಯ ನಕ್ಷತ್ರಕ್ಕೆ ಹೊಸದೆಂಬ ಹೆಸರು

1572ರ ನವೆಂಬರ್ 11ರ ಸಂಜೆ ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ತಲೆಯೆತ್ತಿ ನೋಡಿದಾಗ ಕುಂತಿ ನಕ್ಷತ್ರಪುಂಜದಲ್ಲಿ ಅದುವರೆಗೆ ಇಲ್ಲದಿದ್ದ ಚುಕ್ಕಿಯೊಂದು ಶುಕ್ರನಂತೆ ಹೊಳೆಯುತ್ತಿತ್ತು. ತನ್ನ ಕಣ್ಣನ್ನೇ ನಂಬಲಾಗದೆ ಜೊತೆಗಿದ್ದವರನ್ನು ಕೇಳಿ ಖಚಿತಪಡಿಸಿಕೊಂಡ. ಮರುವರ್ಷ ಅದರ ಬಗ್ಗೆ ಅವನು ಲ್ಯಾಟಿನ್‌ನಲ್ಲಿ ಬರೆದ ಪುಸ್ತಕವೇ ‘ದೇ ನೋವಾ ಸ್ಟೆಲ್ಲಾ’. ಸ್ಟೆಲ್ಲಾ ಎಂದರೆ ನಕ್ಷತ್ರ, ನೋವಾ ಎಂದರೆ ಹೊಸದು. ನಾವು ಬಳಸುವ ‘ನವ’ ಇದರ ದಾಯಾದಿ ಪದ. ಕಾಲಕ್ರಮದಲ್ಲಿ ‘ಸ್ಟೆಲ್ಲಾ’ ಉದುರಿ ‘ನೋವಾ’ ಉಳಿಯಿತು.

ಆಗಿನ ಯುರೋಪಿನಲ್ಲಿ ನಕ್ಷತ್ರವೊಂದನ್ನು ಹೊಸದೆನ್ನಲು ಎದೆಗಾರಿಕೆ ಬೇಕಿತ್ತು. ಚಂದ್ರನಾಚೆಗೆ ಯಾವುದೂ ಹುಟ್ಟುವುದಿಲ್ಲ, ಅಳಿಯುವುದಿಲ್ಲ ಎಂಬ ಅರಿಸ್ಟಾಟಲನ ಮಾತೇ ಅಲ್ಲಿ ಪ್ರಮಾಣವಾಗಿತ್ತು. ಹಾಗಿದ್ದರೆ ಈ ಬೆಳಕು ಚಂದ್ರನಿಗಿಂತ ಈಚೆಗಿರಬೇಕು. ಟೈಕೋ ವಾದಕ್ಕೆ ಇಳಿಯದೆ ಅಳೆದು ನೋಡಿದ. ಅದು ಅಷ್ಟು ಹತ್ತಿರವಿದ್ದಿದ್ದರೆ ಒಂದೇ ರಾತ್ರಿಯಲ್ಲಿ ನೆರೆಯ ನಕ್ಷತ್ರಗಳ ನಡುವೆ ಅದರ ಜಾಗ ತುಸುವಾದರೂ ಸರಿದಂತೆ ಕಾಣಬೇಕಿತ್ತು. ಸರಿಯಲಿಲ್ಲ. ದೂರದರ್ಶಕವೇ ಇಲ್ಲದ ಕಾಲದಲ್ಲಿ ಬರಿಗಣ್ಣಿನ ಅಳತೆಯೊಂದು ಎರಡು ಸಾವಿರ ವರ್ಷಗಳ ನಂಬಿಕೆಯನ್ನು ಅಲುಗಿಸಿತು. ವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟನೆಗಳಲ್ಲಿ ಇದೂ ಒಂದು.

ಆದರೆ ನೋವಾ ಹೊಸ ನಕ್ಷತ್ರವಲ್ಲ. ಇಂಧನ ಮುಗಿದು ಕುಗ್ಗಿದ ಶ್ವೇತ ಕುಬ್ಜವೊಂದು ತನ್ನ ಜೊತೆಗಾರ ನಕ್ಷತ್ರದಿಂದ ಹೈಡ್ರೋಜನ್ ಸೆಳೆದುಕೊಳ್ಳುತ್ತಾ ಹೋಗುತ್ತದೆ. ಮೇಲ್ಮೈಯಲ್ಲಿ ಶೇಖರವಾದ ಆ ಅನಿಲದ ಒತ್ತಡ, ತಾಪ ಮಿತಿಮೀರಿದಾಗ ಪರಮಾಣು ಬೀಜಗಳ ಸಮ್ಮಿಲನ ಹತೋಟಿ ತಪ್ಪಿ ಸ್ಫೋಟವಾಗುತ್ತದೆ. ಅದುವರೆಗೆ ಕಣ್ಣಿಗೆ ಬೀಳದಿದ್ದ ಮುದಿ ನಕ್ಷತ್ರ ಆಗ ದಿಢೀರನೆ ಕಾಣುತ್ತದೆ. ಕುಬ್ಜಕ್ಕೇನೂ ಆಗುವುದಿಲ್ಲ, ಅದು ಮತ್ತೆ ಹೈಡ್ರೋಜನ್ ಕೂಡಿಡತೊಡಗುತ್ತದೆ. ಉತ್ತರ ಕಿರೀಟ ಪುಂಜದ ಒಂದು ನೋವಾ 1866ರಲ್ಲೂ 1946ರಲ್ಲೂ ಹೀಗೆ ಉರಿದೆದ್ದಿತ್ತು.

1885ರಲ್ಲಿ ಆಂಡ್ರೊಮೀಡಾದಲ್ಲಿ ಕಂಡ ಬೆಳಕು ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. ಆಂಡ್ರೊಮೀಡಾ ನಮ್ಮ ಕ್ಷೀರಪಥದಿಂದ ಬಹುದೂರದ ಬೇರೆಯೇ ಗೆಲಾಕ್ಸಿ ಎಂದು 1920ರ ದಶಕದಲ್ಲಿ ತಿಳಿದಾಗ, ಅಷ್ಟು ದೂರದಿಂದ ಅಷ್ಟು ಹೊಳೆದದ್ದು ಸಾಮಾನ್ಯ ನೋವಾ ಆಗಿರಲು ಸಾಧ್ಯವೇ ಇರಲಿಲ್ಲ. ಇಂಥವಕ್ಕೆ ಖಗೋಳಜ್ಞರಾದ ವಾಲ್ಟರ್ ಬಾಡೆ ಮತ್ತು ಫ್ರಿಟ್ಜ್ ಜ್ವಿಕಿ 1930ರ ದಶಕದಲ್ಲಿ ‘ಸೂಪರ್‌ನೋವಾ’ ಎಂದು ಹೆಸರಿಟ್ಟರು.

ಟೈಕೋ ಕಂಡದ್ದೂ ಸೂಪರ್‌ನೋವಾವೇ. ಆ ಸ್ಫೋಟದ ಬೆಳಕಿನ ಒಂದಂಶ ದೂರದ ಧೂಳಿನ ಮೋಡಗಳಿಗೆ ತಾಗಿ, ಸುತ್ತುಬಳಸಿ, ನಾಲ್ಕು ಶತಮಾನ ತಡವಾಗಿ ಭೂಮಿಗೆ ಬಂತು. 2008ರಲ್ಲಿ ಹವಾಯಿಯ ಸುಬಾರು ದೂರದರ್ಶಕ ಹಿಡಿದ ಅದರ ರೋಹಿತವನ್ನು, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕನ್ನು, ಓದಿದಾಗ ಉತ್ತರ ಸಿಕ್ಕಿತು: ಅಂದು ಶ್ವೇತ ಕುಬ್ಜವೊಂದು ಇಡಿಯಾಗಿ ಸಿಡಿದುಹೋಗಿತ್ತು.