ಜೆಲ್ಲಿಫಿಶ್: ಅಟ್ಟಿಸಿಕೊಂಡು ಬಾರದ ಶತ್ರು

ಪ್ಲಾಟ್‌ಫಾರ್ಮ್ ಗೇಮ್ ಆಡುವವರ ಬಾಯಲ್ಲಿ 'ಜೆಲ್ಲಿಫಿಶ್' ಅನ್ನುವುದು ಒಂದು ಬಗೆಯ ಶತ್ರುವಿನ ಹೆಸರು. ನೀರಿನ ಲೆವೆಲ್ ಬಂತು ಅಂದರೆ ಇದೂ ಬಂತು ಅಂತಲೇ ಲೆಕ್ಕ. ಇದು ನಿಮ್ಮನ್ನು ನೋಡುವುದಿಲ್ಲ. ಅಟ್ಟಿಸಿಕೊಂಡು ಬರುವುದಿಲ್ಲ. ಗುಂಡು ಹಾರಿಸುವುದಿಲ್ಲ. ತನ್ನ ಪಾಡಿಗೆ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಮುಟ್ಟಿದಿರೋ, ಒಂದು ಲೈಫ್ ಹೋಯಿತು.

ಪ್ಲಾಟ್‌ಫಾರ್ಮ್ ಗೇಮ್ ಅಂದರೆ ಓಡುತ್ತಾ, ಹಾರುತ್ತಾ, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಮುಂದೆ ಹೋಗುವ ಆಟ. ಮಾರಿಯೋ ಗೊತ್ತಿದ್ದರೆ ಸಾಕು, ಹೆಚ್ಚು ವಿವರಿಸಬೇಕಾಗಿಲ್ಲ. ಇಂಥ ಆಟಗಳಲ್ಲಿ ಶತ್ರುವನ್ನು ಮುಗಿಸುವ ಮಾಮೂಲಿ ದಾರಿ ಒಂದೇ: ತಲೆ ಮೇಲೆ ಹಾರುವುದು. ನೀರೊಳಗೆ ಇಳಿದ ಕೂಡಲೇ ಆ ದಾರಿ ಬಂದ್. ಕಾಲ ಕೆಳಗೆ ನೆಲವೇ ಇಲ್ಲ, ಎಲ್ಲಿಂದ ಹಾರುತ್ತೀರಿ? ಜೆಲ್ಲಿಫಿಶ್‌ಗೆ ಇಷ್ಟು ಬೆಲೆ ಬಂದದ್ದು ಅಲ್ಲಿ.

ಮಂಜೇಶ್ವರದಿಂದ ಬೇಕಲದವರೆಗಿನ ಕಡಲ ಬದಿಯಲ್ಲಿ ಬೆಳೆದವರಿಗೆ ನಿಜವಾದ ಜೆಲ್ಲಿಫಿಶ್ ಹೊಸತೇನಲ್ಲ. ಕನ್ನಡ ಪುಸ್ತಕದಲ್ಲಿ ಲೋಳೆಮೀನು, ಇಲ್ಲಿನ ಮಲಯಾಳದಲ್ಲಿ ಕಡಲ್‌ಚೊರಿ. ಬಲೆಗೆ ರಾಶಿ ಬಿದ್ದರೆ ಮೀನು ಹಿಡಿಯುವವರಿಗೆ ತಲೆನೋವು: ಬಲೆ ಭಾರವಾಗುತ್ತದೆ, ಕೈ ತುರಿಸುತ್ತದೆ, ಕಾಸು ಮಾತ್ರ ಹುಟ್ಟುವುದಿಲ್ಲ. ಹೆಸರಲ್ಲಿ ಮೀನು ಇದ್ದರೂ ಅದು ಮೀನಲ್ಲ. ಮಿದುಳಿಲ್ಲ, ಹೃದಯವಿಲ್ಲ, ಮೂಳೆಯಿಲ್ಲ. ಮೈಯಲ್ಲಿ ಶೇಕಡಾ 95ರಷ್ಟು ಬರೀ ನೀರು. ಕೊಡೆ ಬಿಡಿಸಿ ಮಡಚಿದ ಹಾಗೆ ಮೈಯನ್ನು ಕುಗ್ಗಿಸಿ ನೀರನ್ನು ಹಿಂದಕ್ಕೆ ತಳ್ಳುತ್ತದೆ, ಒಂದಿಷ್ಟು ಮುಂದೆ ಹೋಗುತ್ತದೆ, ಆಮೇಲೆ ಸುಮ್ನೆ ತೇಲುತ್ತದೆ. ದೊಡ್ಡ ಸೆಳೆತ ಬಂದರೆ ಅದು ಎಳೆದ ಕಡೆಗೆ ಪಯಣ.

ಹಳೆಯ ಗೇಮ್ ಮಾಡುವವರಿಗೆ ಇಂಥ ಜೀವಿ ಸಿಕ್ಕಿದ್ದು ಪುಣ್ಯವೇ ಸರಿ. ಆಗಿನ ಮೆಷಿನ್‌ಗಳಲ್ಲಿ ಮೆಮೊರಿ ಬಹಳ ಕಡಿಮೆ. ನಡೆಯುವ ಮನುಷ್ಯನನ್ನು ತೋರಿಸಲು ಕಾಲು, ಕೈ, ತಿರುಗುವುದು ಅಂತ ಹಲವು ಚಿತ್ರ ಬೇಕು. ಜೆಲ್ಲಿಫಿಶ್‌ಗೆ ಎರಡು ಸಾಕು: ಮೈ ಕುಗ್ಗಿದ್ದು ಒಂದು, ಹಿಗ್ಗಿದ್ದು ಒಂದು. ಬುದ್ಧಿ ಕೊಡುವ ಕೆಲಸವೂ ಇಲ್ಲ. ಮಿದುಳೇ ಇಲ್ಲದ ಪ್ರಾಣಿ ಸುಮ್ಮನೆ ಅತ್ತಿತ್ತ ಹೋದರೆ ಯಾರೂ ಪ್ರಶ್ನೆ ಕೇಳುವುದಿಲ್ಲ ಅಲ್ವಾ?

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಗಲ್ಫಿನಿಂದ ಬಂದ ಚಿಕ್ಕಪ್ಪನೋ ನೆರೆಮನೆಯವರೋ ತಂದ ಕ್ಯಾಸೆಟ್ ಗೇಮನ್ನು ಟಿವಿಗೆ ಸಿಕ್ಕಿಸಿ ಆಡಿದ ತಲೆಮಾರಿಗೆ 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ 2-2 ಲೆವೆಲ್ ನೆನಪಿರಬಹುದು. ಅಲ್ಲಿ ಬರುವ ಬಿಳಿ ಪ್ರಾಣಿಯನ್ನು ಜೆಲ್ಲಿಫಿಶ್ ಅಂದುಕೊಂಡವರೇ ಜಾಸ್ತಿ. ಅದರ ಹೆಸರು ಬ್ಲೂಪರ್, ಜಾತಿಯಲ್ಲಿ ಅದು ಬೊಂಡಾಸ್, ಅಂದರೆ ಸ್ಕ್ವಿಡ್. ಅದು ಮಾರಿಯೋ ಇರುವ ಕಡೆಗೆ ಓರೆಯಾಗಿ ಮೇಲೆ ನುಗ್ಗುತ್ತದೆ, ನಿಧಾನ ಇಳಿಯುತ್ತದೆ, ಮತ್ತೆ ನುಗ್ಗುತ್ತದೆ. ಅಂದರೆ ಅದಕ್ಕೆ ನಿಮ್ಮ ಮೇಲೆ ಕಣ್ಣಿದೆ. ಕೊಲ್ಲಬೇಕಾದರೆ ಬೆಂಕಿ ಉಂಡೆ ಕೈಯಲ್ಲಿರಬೇಕು, ಇಲ್ಲವೇ ಸ್ವಲ್ಪ ಹೊತ್ತು ಯಾವ ಪೆಟ್ಟೂ ತಾಗದ ಹಾಗೆ ಮಾಡುವ ನಕ್ಷತ್ರ ಸಿಕ್ಕಿರಬೇಕು.

ಆದರೂ ಆ ಲೆವೆಲ್ಲನ್ನು ಬಿಟ್ಟು ಈ ಪದವನ್ನು ವಿವರಿಸಲಾಗದು. ನೀರಿನಲ್ಲಿ ಮಾರಿಯೋ ಹೇಗೆ ಈಜುತ್ತಾನೆ, ಸ್ವಲ್ಪ ಗಮನಿಸಿ. ಬಟನ್ ಒಮ್ಮೆ ಒತ್ತಿದರೆ ಒಂದು ಎಗರು. ಬಿಟ್ಟರೆ ಮೆಲ್ಲಗೆ ಇಳಿತ. ಮತ್ತೆ ಒತ್ತು, ಮತ್ತೆ ಎಗರು. ಇದು ಮನುಷ್ಯ ಈಜುವ ರೀತಿಯೇ ಅಲ್ಲ, ಜೆಲ್ಲಿಫಿಶ್ ಈಜುವ ರೀತಿ! ನೀರಿಗಿಳಿದ ಹೀರೋನೂ ಶತ್ರುವಿನ ನಡಿಗೆಯನ್ನೇ ನಡೆಯುತ್ತಾನೆ. ಅವನ ಏರಿಳಿತ ನಿಮ್ಮ ಹೆಬ್ಬೆರಳಿನಲ್ಲಿದೆ, ಅದರ ಏರಿಳಿತ ಮೊದಲೇ ಗೊತ್ತುಮಾಡಿದ್ದು. ಎರಡು ಜೆಲ್ಲಿಫಿಶ್ ನಡುವೆ ನುಸುಳುವುದು ಅಂದರೆ, ಅವು ಮೇಲೆ ಹೋಗುವಾಗ ನೀವು ಕೆಳಗಿರುವುದು. ನೆಲದ ಮೇಲೆ ಎಷ್ಟೇ ಚುರುಕಾಗಿ ಆಡುವವನೂ ಇಲ್ಲಿ ಎಡವುತ್ತಾನೆ, ಯಾಕೆಂದರೆ ಇಲ್ಲಿ ಅವಸರ ಮಾಡಿದವನಿಗೇ ಪೆಟ್ಟು.

ಬದಿಯಡ್ಕದಲ್ಲಿ ಅಕ್ಕನ ಮಗ ಇಂಥದ್ದೊಂದು ಲೆವೆಲ್ ಆಡುತ್ತಾ ಕೂತಿದ್ದ. "ಮಾವಾ, ಇದು ನನ್ನ ಹತ್ರ ಬರುವುದೇ ಇಲ್ಲ. ಆದ್ರೂ ನಾನೇ ಸಾಯ್ತೇನೆ, ಇದೆಂಥ ಮಾರಾಯ್ರೆ!" ಅಂದ. ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಹೊಳೆಯಲಿಲ್ಲ. ಅವನ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಬಾಲದ ಎಳೆ ಮುಟ್ಟಲೇ ಇಲ್ಲ, ಆದರೂ ಸತ್ತೆ ಅಂತ ವಾದ. ಅದು ಹಿಟ್‌ಬಾಕ್ಸ್‌ನ ಸಮಸ್ಯೆ. ಪರದೆಯ ಮೇಲಿನ ಚಿತ್ರ ಒಂದು, ಕಂಪ್ಯೂಟರ್ ಲೆಕ್ಕ ಹಾಕುವ ಕಾಣದ ಚೌಕ ಇನ್ನೊಂದು. ಆ ಚೌಕ ತಾಗಿದರೆ ಪೆಟ್ಟು ಬಿದ್ದ ಹಾಗೆ. ಗಟ್ಟಿ ಮೈಯ ಆಮೆಗೋ ಏಡಿಗೋ ಚೌಕ ಹಾಕುವುದು ಸುಲಭ. ಅರ್ಧ ಪಾರದರ್ಶಕ ಮೈ, ಕೆಳಗೆ ಅಲ್ಲಾಡುವ ಎಳೆಗಳು ಇರುವ ಜೆಲ್ಲಿಫಿಶ್‌ಗೆ ಮೈ ಎಲ್ಲಿ ಮುಗಿಯಿತು ಅಂತ ಹೇಳುವುದು ಹೇಗೆ? ಎಳೆಗಳನ್ನು ಲೆಕ್ಕಕ್ಕೆ ಹಿಡಿದರೆ ಆಡುವವನಿಗೆ ಅನ್ಯಾಯ ಅನಿಸುತ್ತದೆ, ಬಿಟ್ಟರೆ ಜೆಲ್ಲಿಫಿಶ್‌ನ ಭಯವೇ ಹೋಗುತ್ತದೆ.

ಇನ್ನು ಕರೆಂಟಿನ ವಿಷಯ. 1988ರ ಸೂಪರ್ ಮಾರಿಯೋ ಬ್ರದರ್ಸ್ 3ರಲ್ಲಿ ನಿಜವಾದ ಜೆಲ್ಲಿಫಿಶ್ ಬಂತು, ಹೆಸರು ಜೆಲೆಕ್ಟ್ರೋ. ಇದ್ದಲ್ಲೇ ಇದ್ದು ಮಿನುಗುತ್ತದೆ, ಮುಟ್ಟಿದರೆ ಶಾಕ್. ಬೆಂಕಿ ಉಂಡೆಗೂ ಜಗ್ಗುವುದಿಲ್ಲ. ಆಮೇಲೆ ಬಂದ ಎಷ್ಟೋ ಆಟಗಳಲ್ಲಿ ಜೆಲ್ಲಿಫಿಶ್ ಅಂದರೆ ಕರೆಂಟ್ ಅನ್ನುವ ಹಾಗಾಯಿತು. ಸಮುದ್ರದ ಜೆಲ್ಲಿಫಿಶ್ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಅದರ ಎಳೆಗಳಲ್ಲಿ ಕಣ್ಣಿಗೆ ಕಾಣದ ಕುಟುಕು ಕಣಗಳಿವೆ. ಪ್ರತಿ ಕಣದ ಒಳಗೆ ಸುರುಳಿ ಸುತ್ತಿದ ಸಣ್ಣ ಕೊಳವೆ. ಏನಾದರೂ ತಾಗಿದರೆ ಅದು ಕ್ಷಣದೊಳಗೆ ಸಿಡಿದು ಚರ್ಮಕ್ಕೆ ಚುಚ್ಚಿ ವಿಷ ಬಿಡುತ್ತದೆ. ಉರಿ ಬರುವುದು ಅದರಿಂದ. ಗೇಮಿನಲ್ಲಿ ಇದನ್ನೆಲ್ಲ ತೋರಿಸುವುದು ಹೇಗೆ? ಇಡೀ ಪ್ರಾಣಿಯೇ ಹೆಬ್ಬೆರಳಿನ ಉಗುರಿನಷ್ಟು ಇರುತ್ತದೆ. ಹಾಗಾಗಿ ಉರಿಯ ಬದಲು ಮಿಂಚು ಬಂತು. ಮಿಂಚು ದೂರದಿಂದಲೇ ಕಾಣುತ್ತದೆ, 'ಹತ್ತಿರ ಬರಬೇಡ' ಅಂತ ಹೇಳುತ್ತದೆ. ಕೆಲವು ಆಟಗಳಲ್ಲಿ ಕರೆಂಟ್ ಬಂದು ಹೋಗಿ ಮಾಡುತ್ತದೆ. ಹೋದಾಗ ದಾಟಬೇಕು. ಅದು ನಮ್ಮೂರಿನವರಿಗೆ ಬೇಗ ಅಭ್ಯಾಸವಾಗುತ್ತದೆ, ಬಿಡಿ.

1994ರ ಡಾಂಕಿ ಕಾಂಗ್ ಕಂಟ್ರಿಯಲ್ಲಿರುವ ಸ್ಕ್ವಿಜ್ ಕೂಡ ಜೆಲ್ಲಿಫಿಶ್ಶೇ. ಅಲ್ಲಿನ ಕೋತಿಗಳಿಗೆ ನೀರಿನಲ್ಲಿ ಹೊಡೆಯಲು ಏನೂ ಬರುವುದಿಲ್ಲ. ಕತ್ತಿಯಂಥ ಮೂಗಿರುವ ಎನ್‌ಗಾರ್ಡ್ ಎಂಬ ಮೀನಿನ ಬೆನ್ನೇರಿದರೆ ಮಾತ್ರ ತಿವಿದು ಮುಂದೆ ಹೋಗಬಹುದು. ಅದು ಸಿಗುವವರೆಗೆ ಸಂದಿ ನೋಡಿ ನುಸುಳುವುದೇ ಕೆಲಸ. ಇನ್ನು 1986ರ ಮೆಟ್ರಾಯ್ಡ್ ನೀರನ್ನೇ ಬಿಟ್ಟಿತು. ಜೆಲ್ಲಿಫಿಶ್‌ನಂಥ ಗುಮ್ಮಟದ ಪ್ರಾಣಿಯೊಂದು ಗಾಳಿಯಲ್ಲಿ ತೇಲಿ ಬಂದು ತಲೆಗೆ ಕಚ್ಚಿಕೊಂಡು ಜೀವ ಹೀರುತ್ತದೆ. ಮೊದಲು ಮಂಜುಗಟ್ಟಿಸಬೇಕು, ಆಮೇಲೆ ಐದು ಕ್ಷಿಪಣಿ ಹೊಡೆಯಬೇಕು. ಅದು ಬೆನ್ನು ಬಿಡದ ಜಾತಿ. ರೂಪ ಜೆಲ್ಲಿಫಿಶ್‌ನದಾದರೂ ಗುಣ ಜಿಗಣೆಯದು.

ಸಮುದ್ರದ ಸತ್ಯಕ್ಕೆ ಎಲ್ಲಕ್ಕಿಂತ ಹತ್ತಿರ ಬಂದದ್ದು, ನನ್ನ ಪ್ರಕಾರ, 2017ರ ಹಾಲೋ ನೈಟ್. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಸಣ್ಣ ತಂಡ ಮಾಡಿದ ಆಟ. ಅದರಲ್ಲಿ ಫಾಗ್ ಕ್ಯಾನ್ಯನ್ ಅಂತ ಮಂಜು ತುಂಬಿದ ಜಾಗ ಉಂಟು. ಅಲ್ಲಿ ಎರಡು ಬಗೆಯ ಜೆಲ್ಲಿಫಿಶ್ ತೇಲುತ್ತಿರುತ್ತವೆ. ಊಮಾ ದೊಡ್ಡದು, ಉಓಮಾ ಚಿಕ್ಕದು. ಚಿಕ್ಕದನ್ನು ಹೊಡೆದರೆ ಒಡೆದು ಹೋಗುತ್ತದೆ, ಅಷ್ಟೇ. ದೊಡ್ಡದರ ಹೊಟ್ಟೆಯಲ್ಲಿ ಒಂದು ಕೆಂಡದಂಥ ಗೋಳ ಕಾಣುತ್ತದೆ. ಹೊಡೆದರೆ ಮೈ ಒಡೆಯುತ್ತದೆ, ಗೋಳ ಹೊರಬಂದು ನಿಮ್ಮ ಬೆನ್ನು ಹತ್ತಿ ಸಿಡಿಯುತ್ತದೆ. ಬದುಕಿದ್ದಾಗ ತೇಲಿಕೊಂಡಿದ್ದದ್ದು ಸತ್ತ ಮೇಲೆ ಅಟ್ಟಿಸಿಕೊಂಡು ಬರುತ್ತದೆ! ಕಣ್ವತೀರ್ಥದ ಮರಳಿನಲ್ಲಿ ಬಿದ್ದ ಜೆಲ್ಲಿಫಿಶ್‌ಗೂ ಇದೇ ಗುಣ. ಪ್ರಾಣಿ ಸತ್ತರೂ ಕುಟುಕು ಕಣಗಳು ಸಾಯುವುದಿಲ್ಲ. ತುಂಡಾದ ಎಳೆಯೂ ಚುಚ್ಚಬಲ್ಲದು. ಮಕ್ಕಳು ಕೋಲಿನಿಂದ ಕೆದಕಿ, ಆಮೇಲೆ ಅದೇ ಕೋಲನ್ನು ಕೈಯಲ್ಲಿ ಸವರುವುದು ಬೇಡ. ಬೇರೆ ಆಟಗಳಲ್ಲಿ ಸತ್ತ ಶತ್ರು ಪರದೆಯಿಂದ ಮಾಯ. ಇಲ್ಲಿ ಹೊಡೆಯಬೇಕೋ ಬೇಡವೋ ಅಂತ ಯೋಚಿಸುವ ಪ್ರಸಂಗ ಬರುತ್ತದೆ, ಹೊಡೆಯದೆ ಬದಿಯಲ್ಲಿ ಹೋಗುವುದೇ ಜಾಣತನ.

ಈಚೆಗೆ ಜೆಲ್ಲಿಫಿಶ್ ಶತ್ರುವಾಗಿಯೇ ಇರಬೇಕೆಂದೂ ಇಲ್ಲ. ಸೆಲೆಸ್ಟ್ ಆಟಕ್ಕೆ 2019ರಲ್ಲಿ ಸೇರಿಸಿದ ಫೇರ್‌ವೆಲ್ ಎಂಬ ಅಧ್ಯಾಯದಲ್ಲಿ ನಾಯಕಿ ಮ್ಯಾಡಲೀನ್ ಜೆಲ್ಲಿಫಿಶ್ಶನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಯಲ್ಲಿ ತೇಲುತ್ತಾಳೆ. ಹಿಡಿದಿರುವಷ್ಟು ಹೊತ್ತು ಬೀಳುವುದು ನಿಧಾನ. ಬಿಟ್ಟರೆ ಅದು ತನ್ನ ಪಾಡಿಗೆ ಮೆಲ್ಲ ಇಳಿಯುತ್ತದೆ, ಗಾಳಿಯಲ್ಲೇ ಮತ್ತೆ ಹೋಗಿ ಹಿಡಿಯಬಹುದು. ಕುಟುಕೂ ಇಲ್ಲ, ಕರೆಂಟೂ ಇಲ್ಲ. ಕಷ್ಟ ಮಾತ್ರ ಕಡಿಮೆಯಾಗಿಲ್ಲ, ಆ ಆಟದ ಅತಿ ಕಠಿಣ ಜಾಗಗಳು ಇರುವುದು ಈ ಅಧ್ಯಾಯದಲ್ಲೇ.