ಕಾಯಿಲ್ ಭಾರ ಇದೆ ಅಂತ ಅದು ಕೂತಲ್ಲೇ ಕೂತಿರಲ್ಲ: ಟ್ರೇಲರ್ ಲೋಡಿಂಗ್ ಟಿಪ್ಪಣಿ

ಲೋಡಿಂಗ್ ಕಲಿಯಕ್ಕೆ ಶುರು ಮಾಡಿದಾಗ ನಮ್ಮಲ್ಲಿ ಎಲ್ಲರ ತಲೇಲೂ ಇರೋ ಯೋಚನೆ ಒಂದೇ, ಇಷ್ಟು ಭಾರದ ಸ್ಟೀಲ್ ಎಲ್ಲಿಗೆ ಹೋಗತ್ತೆ, ತನ್ನ ಭಾರಕ್ಕೆ ತಾನೇ ಕೂತಿರತ್ತೆ ಬಿಡು ಅಂತ. ಮೊದಲು ಇದನ್ನ ತಲೆಯಿಂದ ತೆಗೀರಿ. ಭಾರ ಜಾಸ್ತಿ ಆದಷ್ಟೂ ಟ್ರೇಲರ್ ಬೆಡ್ (ಲೋಡ್ ಕೂರೋ ತಳ) ಮೇಲಿನ ಘರ್ಷಣೆ ಜಾಸ್ತಿ ಆಗತ್ತೆ ನಿಜ, ಆದ್ರೆ ಬ್ರೇಕ್ ಹೊಡೆದಾಗ ಅದನ್ನ ಮುಂದಕ್ಕೆ ತಳ್ಳೋ ಬಲಾನೂ ಅಷ್ಟೇ ಪಟ್ಟು ಜಾಸ್ತಿ ಆಗತ್ತೆ, ಹಾಗಾಗಿ 1 ಟನ್ ಜಾರೋ ಕಡೆ 14 ಟನ್ನೂ ಜಾರತ್ತೆ, ಮತ್ತೆ ಅದರ ಮುಂದೆ ಇರೋದು ಡ್ರೈವರ್ ಕ್ಯಾಬಿನ್.

ಮೊದಲ ಕೆಲಸ ತೂಕ. ಚೀಟಿ ಇದ್ರೂ ಒಂದು ಸಲ ನೀವೇ ಲೆಕ್ಕ ಹಾಕಿ ನೋಡಿ, ಸ್ಟೀಲ್ ಒಂದು ಘನ ಮೀಟರ್‌ಗೆ 7850 ಕೆಜಿ. ಪ್ಲೇಟ್ ಆದ್ರೆ ಸುಲಭ, ಒಂದು ಚದರ ಮೀಟರ್‌ಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕೆಜಿ. ಕಂಬಿಗೆ ವ್ಯಾಸವನ್ನ ಮಿಲಿಮೀಟರಲ್ಲಿ ತಗೊಂಡು ಅದರ ವರ್ಗವನ್ನ 162ರಿಂದ ಭಾಗಿಸಿದ್ರೆ ಮೀಟರ್‌ಗೆ ಎಷ್ಟು ಕೆಜಿ ಅಂತ ಸಿಗತ್ತೆ. ಕಾಯಿಲ್‌ಗೆ (ಸುರುಳಿ ಸುತ್ತಿದ ಸ್ಟೀಲ್ ಶೀಟ್) ಹೊರವ್ಯಾಸ 1.5 ಮೀಟರ್, ಒಳಗಿನ ತೂತು 0.6, ಅಗಲ 1.2 ಅಂದ್ಕೊಳ್ಳಿ, ಹೆಚ್ಚುಕಮ್ಮಿ 14 ಟನ್ ಬರತ್ತೆ. ಮುಂದೆ ಇದೇ ಕಾಯಿಲ್ ಇಟ್ಕೊಂಡು ಹೋಗೋಣ.

ಲೋಡ್ ಕಟ್ಟೋದಕ್ಕೆ ಇರೋ ಯುರೋಪಿನ ಮಾನದಂಡ ಇಎನ್ 12195-1 ಪ್ರಕಾರ ಲೋಡ್ ಮುಂದಕ್ಕೆ ತನ್ನ ಭಾರದ 0.8 ಪಟ್ಟು, ಪಕ್ಕಕ್ಕೂ ಹಿಂದಕ್ಕೂ 0.5 ಪಟ್ಟು ಬಲ ತಡ್ಕೋಬೇಕು. 14 ಟನ್‌ಗೆ ಮುಂದಕ್ಕೆ 11.2 ಟನ್. ಮರದ ಮೇಲೆ ಘರ್ಷಣೆ ಭಾರದ 0.4 ಪಟ್ಟು ಅಂತ ಹಿಡಿದ್ರೆ 5.6 ಟನ್ ತಾನೇ ತಡೆಯತ್ತೆ, ಉಳಿದ 5.6 ನಾವು ತಡೀಬೇಕು. ಇಲ್ಲೇ ನಾನು ಬಹಳ ದಿನ ತಪ್ಪು ತಿಳ್ಕೊಂಡಿದ್ದೆ, ಬೆಲ್ಟಿನ ಚೀಟಿ ಮೇಲೆ 5 ಟನ್ ಅಂತ ಇರತ್ತಲ್ಲ, ಎರಡು ಬೆಲ್ಟ್ ಮೇಲಿಂದ ಹಾಕಿದ್ರೆ ಮುಗೀತು ಅಂತ. ಆ 5 ಟನ್ ಬೆಲ್ಟ್ ತಡ್ಕೊಳ್ಳೋ ಶಕ್ತಿ, ಅದು ಲೋಡನ್ನ ಒತ್ತಿ ಹಿಡಿಯೋ ಬಲ ಅಲ್ಲ. ಒತ್ತೋ ಬಲ ಬರೋದು ಕೈಯಲ್ಲಿ ಬೆಲ್ಟ್ ಬಿಗಿ ಮಾಡೋ ರ‍್ಯಾಚೆಟ್ ಎಳೆದಾಗ ಹುಟ್ಟೋ ಬಿಗಿಯಿಂದ, ಚೀಟಿಲಿ ಅದನ್ನ ಎಸ್‌ಟಿಎಫ್ ಅಂತ ಬೇರೆಯಾಗಿ ಬರೆದಿರ್ತಾರೆ. ಅದು 500 ಕೆಜಿ ಅಂದ್ರೆ ಎರಡು ಬದಿ ಸೇರಿ 1 ಟನ್ ಒತ್ತಡ, ಅದಕ್ಕೆ 0.4 ಗುಣಿಸಿದ್ರೆ ಒಂದು ಬೆಲ್ಟ್ ತಡೆಯೋದು ಬರೀ 0.4 ಟನ್. 5.6 ಟನ್‌ಗೆ 14 ಬೆಲ್ಟ್! ಅದೂ ಬೆಲ್ಟ್ ನೇರ ಕೆಳಕ್ಕೆ ಎಳೀತಿದ್ರೆ ಮಾತ್ರ, ಬೆಡ್ ಜೊತೆ 30 ಡಿಗ್ರಿ ಕೋನದಲ್ಲಿ ಇದ್ರೆ ಅರ್ಧ ಬಲ ಹೋಯ್ತು. ಇದ್ರಲ್ಲಿ ಸುರಕ್ಷತೆಗೆ ಅಂತ ಸೇರಿಸೋ ಹೆಚ್ಚುವರಿ ಇನ್ನೂ ಸೇರಿಲ್ಲ.

ಅದೇ ಕಾಯಿಲ್ ಕೆಳಗೆ ಆಂಟಿ ಸ್ಲಿಪ್ ರಬ್ಬರ್ ಮ್ಯಾಟ್ ಹಾಕಿ ಘರ್ಷಣೆ 0.6 ಆಯ್ತು ಅಂದ್ರೆ, ಉಳಿಯೋದು 2.8 ಟನ್, ಒಂದೊಂದು ಬೆಲ್ಟೂ 0.6 ತಡೆಯತ್ತೆ, 5 ಬೆಲ್ಟ್ ಸಾಕು. ಒಂದು ಮ್ಯಾಟ್ ಮಾಡೋ ಕೆಲಸ ನೋಡಿ. ಇನ್ನೂ ಒಳ್ಳೇದು ಅಂದ್ರೆ ಮುಂದೆ ಗಟ್ಟಿ ಅಡ್ಡ ಕೊಟ್ಟು, ಚೈನನ್ನ ಕಾಯಿಲ್ ತೂತಿನ ಒಳಗಿಂದ ತಂದು ಹಿಂದಿನ ಕೊಂಡಿಗೆ ಎಳೆದು ಕಟ್ಟೋದು, ಆಗ ಚೈನಿನ ಪೂರ್ತಿ ಶಕ್ತಿ ನಮಗೆ ಸಿಗತ್ತೆ. ಎಣ್ಣೆ ಬಳಿದ ಶೀಟ್, ಒದ್ದೆ ಬೆಡ್, ತುಕ್ಕಿನ ಪುಡಿ ಇದ್ರೆ ಈ ಲೆಕ್ಕ ಎಲ್ಲ ಕೆಳಗಿಳಿಯತ್ತೆ. ಮೊದಲು ಗುಡಿಸಿ, ಒರೆಸಿ.

ಕಾಯಿಲ್ ತೂತು ಪಕ್ಕಕ್ಕೆ ಮುಖ ಮಾಡಿದ್ರೆ ಅದು ಮುಂದಕ್ಕೂ ಹಿಂದಕ್ಕೂ ಉರುಳತ್ತೆ, ತೂತು ಮುಂದೆ ಹಿಂದೆ ಇದ್ರೆ ಪಕ್ಕಕ್ಕೆ ಉರುಳತ್ತೆ. ಎರಡರಲ್ಲೂ ಕಾಯಿಲ್ ತಳ ಬೆಡ್‌ಗೆ ತಾಗದೆ ಎರಡೂ ಬದಿಯ ಬೆಣೆ ಮೇಲೆ ಕೂತಿರ್ಬೇಕು. ತಳ ತಾಗಿದ್ರೆ ಬೆಣೆ ಇದ್ದೂ ಇಲ್ಲದ ಹಾಗೆ.

ಇನ್ನು ಬ್ಯಾಲೆನ್ಸ್. ಟ್ರೇಲರ್ ತನ್ನನ್ನ ಎಳೆಯೋ ಮುಂದಿನ ಗಾಡಿಗೆ (ಟ್ರ್ಯಾಕ್ಟರ್) ಸೇರಿಕೊಳ್ಳೋ ಗೂಟಾನೇ ಕಿಂಗ್‌ಪಿನ್. ಕಿಂಗ್‌ಪಿನ್‌ನಿಂದ ಆಕ್ಸಲ್ ಗುಂಪಿನ ಮಧ್ಯಕ್ಕೆ 9 ಮೀಟರ್ ಅಂದ್ರೆ, ಕಿಂಗ್‌ಪಿನ್‌ನಿಂದ 6 ಮೀಟರ್ ದೂರ ಇಟ್ಟ 14 ಟನ್‌ನಲ್ಲಿ 9.3 ಟನ್ ಆಕ್ಸಲ್‌ಗೆ, 4.7 ಕಿಂಗ್‌ಪಿನ್‌ಗೆ ಹೋಗತ್ತೆ. ತೀರಾ ಹಿಂದಕ್ಕೆ ಇಟ್ರೆ ಟ್ರ್ಯಾಕ್ಟರ್‌ನ ಹಿಂದಿನ ಚಕ್ರಕ್ಕೆ ಹಿಡಿತ ಸಿಗಲ್ಲ, ತೀರಾ ಮುಂದೆ ಇಟ್ರೆ ಅದೇ ಚಕ್ರಗಳ ಮೇಲೆ ಓವರ್‌ಲೋಡ್. ಅಡ್ಡಕ್ಕೆ ಬರೀ 10 ಸೆಂಟಿಮೀಟರ್ ಸರಿದ್ರೂ, ಎರಡು ಬದಿ ಚಕ್ರಗಳ ನಡುವೆ 2 ಮೀಟರ್ ಅಂದ್ಕೊಂಡ್ರೆ, ಒಂದು ಬದಿಗೆ 7.7 ಟನ್, ಇನ್ನೊಂದಕ್ಕೆ 6.3. ಅದಕ್ಕೇ ಬೆಡ್ ಮಧ್ಯಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡೇ ಕ್ರೇನಿಗೆ ಸನ್ನೆ ಮಾಡಿ.

ಪ್ಲೇಟ್, ಕಂಬಿ ಕಟ್ಟುಗಳ ಮಧ್ಯೆ ಇಡೋ ಮರದ ತುಂಡು ಒಂದರ ಮೇಲೊಂದು ನೇರ ಸಾಲಲ್ಲಿ ಬರ್ಬೇಕು, ಅಗಲದ ಮೈ ಕೆಳಗಿರ್ಬೇಕು. ಎತ್ತರಕ್ಕೆ ನಿಲ್ಲಿಸಿದ ತುಂಡು ಬ್ರೇಕ್ ಹೊಡೆದಾಗ ಮಗುಚಿಕೊಳ್ಳತ್ತೆ. ಚೂಪು ಅಂಚಿನ ಮೇಲೆ ಬೆಲ್ಟ್ ಬಂದ್ರೆ ಅಂಚಿಗೆ ಗಾರ್ಡ್ ಹಾಕಿ.

ಹೊರಟ ಮೇಲೆ ಮರ ಅದುಮಿಕೊಳ್ಳತ್ತೆ, ಕಂಬಿ ಕಟ್ಟು ಒಳಗೇ ಕುಸಿಯತ್ತೆ. ನಾನು ಒಂದು ಸಲ ಸ್ವಲ್ಪ ದೂರ ಹೋಗಿ ನಿಲ್ಸಿ ನೋಡ್ದಾಗ ಹೊರಡುವಾಗ ಟಣ್ ಅಂತಿದ್ದ ಚೈನನ್ನ ಎರಡು ಬೆರಳಲ್ಲಿ ಎತ್ತಬಹುದಿತ್ತು. ಅಮೆರಿಕದ ನಿಯಮದಲ್ಲಿ ಮೊದಲ 50 ಮೈಲಿ, ಅಂದ್ರೆ 80 ಕಿಲೋಮೀಟರ್ ಒಳಗೇ ನಿಲ್ಸಿ ನೋಡ್ಬೇಕು ಅಂತಿದೆ. ನನ್ನ ಕೇಳಿದ್ರೆ ಅದಕ್ಕೂ ಮೊದಲೇ ಒಂದು ಸಲ ನೋಡಿ.

ಇಳಿಸುವಾಗ ಚೈನ್ ಬಿಚ್ಚೋ ಮೊದಲು ಟ್ರೇಲರ್ ಸುತ್ತ ಒಂದು ಸುತ್ತು ಹಾಕಿ. ದಾರೀಲಿ ಲೋಡ್ ಒಂದು ಕಡೆ ವಾಲಿ ಆ ಚೈನ್ ಮೇಲೇ ಒರಗಿರಬಹುದು, ಚೈನ್ ಬಿಗಿ ಮಾಡೋ ಬೈಂಡರ್ ಬಿಟ್ಟ ಕ್ಷಣ ಅದು ಆ ಕಡೆಗೇ ಬೀಳತ್ತೆ. ವಾಲಿದ್ದು ಕಂಡ್ರೆ ಮೊದಲು ಕ್ರೇನ್ ಅದನ್ನ ಹಿಡಿದುಕೊಳ್ಳಲಿ, ಆಮೇಲೆ ಬಿಚ್ಚಿ, ಆ ಬದೀಲಿ ಯಾರನ್ನೂ ನಿಲ್ಲಕ್ಕೆ ಬಿಡ್ಬೇಡಿ.